ಮೂವತ್ತೊಂದನೇ ಸಾಲು

ಅಮ್ಮಾ,

ಫೋನಿನಲ್ಲಿ ಹೇಳುವ ಧೈರ್ಯವಿಲ್ಲದೆ ಇಮೇಲ್ ಮಾಡುತ್ತಿದ್ದೇನೆ. ಪೂರ್ತಿ ಓದುವ ತನಕ ಬಯ್ಯಬೇಡ.

ನಿಮ್ಮ ಕ್ಲಿನಿಕ್ಕಿನಲ್ಲಿ ಪೇಷೆಂಟುಗಳಿಗೆ ಟೋಕನ್ ಕೊಡಲೆಂದು ನಾನು ಬರೆದ ಪ್ರೋಗ್ರಾಮನ್ನು, ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದೆ. ಟೆಸ್ಟ್ ಮಾಡಲು ನೀನು ಕಳಿಸಿದ್ದ ಪೇಷೆಂಟ್ ಪಟ್ಟಿಯೂ ಅದರ ಜೊತೆಗೇ ಹೋಗಿಬಿಟ್ಟಿದೆ. ಹೆಸರು, ಫೋನ್ ನಂಬರ್, ಕಾಯಿಲೆ, ಎಲ್ಲಾ. ಆರು ಜನ ನನ್ನ ಪ್ರೋಗ್ರಾಮ್ ಕಾಪಿ ಮಾಡಿಕೊಂಡರೆಂದು ಹಾಸ್ಟೆಲ್ ತುಂಬಾ ಹೇಳಿಕೊಂಡು ಕುಣಿದೆ. ಇವತ್ತು ಅವರಲ್ಲೊಬ್ಬರು, "ತಂಗಿ, ಈ ಪಟ್ಟೀಲಿರೋರು ನಿಜವಾದ ಮನುಷ್ಯರಾ?" ಅಂತ ಕೇಳಿದರು.

ತಕ್ಷಣ ಅಲ್ಲಿಂದ ಆ ಪಟ್ಟಿಯ ಫೈಲ್ ಅಳಿಸಿದೆ. ಅಳಿಸಿದರೂ ಹಳೆಯ ಪ್ರತಿ ಅಲ್ಲೇ ಇರುತ್ತದಂತೆ. ಕೊನೆಗೆ ಇಡೀ ಪ್ರಾಜೆಕ್ಟನ್ನೇ ತೆಗೆದುಹಾಕಿದೆ. ಕೇಳಿಕೊಂಡ ಮೇಲೆ ಐದು ಜನ ತಮ್ಮ ಕಾಪಿ ಅಳಿಸಿದರು. ಒಬ್ಬರು ಉತ್ತರವನ್ನೇ ಕೊಟ್ಟಿಲ್ಲ.

ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಹೇಳಿಬಿಡು. "ನನ್ನ ಮಗಳು ಮಾಡಿದ ಅವಾಂತರ ಸಾರ್" ಅನ್ನು, ನಿನ್ನ ಮೈಮೇಲೆ ಎಳೆದುಕೊಳ್ಳಬೇಡ. ನನ್ನಿಂದ ನಿನ್ನ ರಿಸೆಪ್ಷನ್ ಕೆಲಸ ಹೋದರೆ ಯಾವ ಮುಖ ಇಟ್ಟುಕೊಂಡು ಮನೆಗೆ ಬರಲಿ?

ಪೇಷೆಂಟುಗಳಿಗೆ ನಾನೇ ಫೋನ್ ಮಾಡಿ ತಿಳಿಸೋಣವೆಂದು ಆ ಪಟ್ಟಿಯನ್ನು ಮೊದಲ ಸಲ ಕೂತು ಓದಿದೆ. ಮೂವತ್ತೊಂದನೇ ಸಾಲಿನಲ್ಲಿ ನಿನ್ನ ಹೆಸರಿದೆ. ನನಗೆ ಕಳಿಸುವ ಅವಸರದಲ್ಲಿ ಅದನ್ನು ತೆಗೆಯಲು ಮರೆತಿದ್ದೀಯ. "ಎದೆಯಲ್ಲಿ ಗಂಟು, ಬಯಾಪ್ಸಿಗೆ ಬಂದಿಲ್ಲ" ಎಂದಿದೆ. ನನ್ನ ಹತ್ತಿರ ನೀನು "ಬರೀ ಗ್ಯಾಸ್ಟ್ರಿಕ್ ಕಣೇ" ಅಂದಿದ್ದೆ.

ನಾಳೆ ನನ್ನ ವಿಷಯವಷ್ಟೇ ಹೇಳಿ ಡಾಕ್ಟರ ಕೋಣೆಯಿಂದ ಎದ್ದು ಬರಬೇಡ. ಬಯಾಪ್ಸಿಗೆ ದಿನ ಬರೆಸಿಕೊಂಡು ಬಾ. ಕಾಲೇಜಿನಲ್ಲಿ ನನಗೆ ಲ್ಯಾಬ್ ಪರೀಕ್ಷೆ ಇದ್ದರೂ ಸರಿ, ಆ ದಿನ ನಾನು ಬರುತ್ತೇನೆ. ಬಯ್ಯುವುದಿದ್ದರೆ ಅಲ್ಲೇ ಬೆಂಚಿನ ಮೇಲೆ ಕೂತು ಬಯ್ಯಿ.

ನಿನ್ನ
ಪುಟ್ಟಿ