ಅಪಾಯ ಮುಗಿಯಿತೆಂದು ಒಮ್ಮೆ ಊದಿಸಿಬಿಡಿ

ಮಾನ್ಯ ಚಿತ್ರೀಕರಣ ಅನುಮತಿ ಅಧಿಕಾರಿಗಳೇ,

ಮಂಗಳವಾರ ಮಧ್ಯಾಹ್ನ ನಗರಸಭೆಯ ಕೃಪೆಯಿಂದ ನಮ್ಮ ಬೀದಿಯಲ್ಲಿ ಎರಡನೆಯ ಮಹಾಯುದ್ಧ ಮತ್ತೆ ಶುರುವಾಯಿತು. ಇವತ್ತು ಶುಕ್ರವಾರ. ಅದನ್ನು ಮುಗಿಸುವುದು ಯಾವಾಗ? ನನ್ನ ತಾಯಿ ಎನಿಡ್, ವಯಸ್ಸು ತೊಂಬತ್ತೊಂದು, ಮೂರು ದಿನದಿಂದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕುಳಿತಿದ್ದಾಳೆ.

ಯುದ್ಧಕಾಲದ ಪ್ರಧಾನಿಯ ಮೇಲೆ ಸಿನಿಮಾ ಬೇಡವೆನ್ನಲು ನಾನ್ಯಾರು? ಧಾರಾಳವಾಗಿ ತೆಗೆಯಲಿ. ಆದರೆ ಬಾಂಬ್ ದಾಳಿಯ ದೃಶ್ಯಕ್ಕೆಂದು ನಿಮ್ಮ ಉಗ್ರಾಣದ ಅಸಲಿ ಸೈರನ್ನನ್ನೇ ಕೊಟ್ಟಿರಲ್ಲ, ಅದು ಕೂಗಿದ್ದೇ ತಡ, ಅಮ್ಮ ಕೈಯಲ್ಲಿದ್ದ ಬಿಸ್ಕತ್ತಿನ ಸಮೇತ ಒಳಗೆ ನುಗ್ಗಿದಳು. ಏರಿಳಿಯುತ್ತ ಕೂಗಿದರೆ ಅಪಾಯ. ಒಂದೇ ಸಮನೆ ಎರಡು ನಿಮಿಷ ಕೂಗಿದರೆ ಅಪಾಯ ಮುಗಿಯಿತು. ಆ ಕಾಲದ ಮಗುವಿಗೂ ಇದು ಗೊತ್ತಿತ್ತು. ಸಿನಿಮಾದವರು ಮೊದಲನೆಯದನ್ನು ಏಳು ಸಲ ಊದಿಸಿದರು. ಎರಡನೆಯದನ್ನು ಒಂದು ಸಲವೂ ಇಲ್ಲ.

"ಅಮ್ಮಾ, ಅದು ಸಿನಿಮಾ ಕಣಮ್ಮಾ" ಎಂದೆ.

"ಗೊತ್ತು ಕಣೇ, ನಂಗೇನು ಅರಳುಮರಳಾ? ಊದಿದೋರು ಸರಿಯಾಗಿ ಮುಗಿಸ್ಬೇಕು. ಅಲ್ಲೀವರೆಗೂ ನಾನು ಈಚೆ ಬರಲ್ಲ."

ಅಂದು ಸಂಜೆ ಪ್ರಧಾನಿಯ ವೇಷದ ನಟರೇ ಬಂದರು, ಪಾಪ. ಹೊಟ್ಟೆಗೆ ಕಟ್ಟಿದ ದಿಂಬಿನಿಂದಾಗಿ ಬಗ್ಗಲಾರದೆ ಬಗ್ಗಿ, ಗಂಭೀರ ಕಂಠದಲ್ಲಿ, "ತಾಯೀ, ಸರ್ಕಾರದ ಪರವಾಗಿ ಹೇಳ್ತಿದೀನಿ, ಅಪಾಯ ಮುಗಿದಿದೆ" ಎಂದರು.

"ನೀನ್ಯಾವನಯ್ಯಾ ಹೇಳೋಕೆ? ಸೈರನ್ ಹೇಳ್ಲಿ. ಮೊದಲು ಆ ಚುಟ್ಟಾ ಆರಿಸು, ಕೆಮ್ಮು ಬರ್ತಿದೆ!"

ಇಡೀ ಯುರೋಪನ್ನು ಉಳಿಸಲು ಬಂದವರು ಚುಟ್ಟಾ ಆರಿಸಿ, ಕ್ಷಮೆ ಕೇಳಿ ಹೊರಟರು.

ಮರುದಿನ ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಮೇಡಂ, ಅಪಾಯದ ಸೈರನ್ನಿಗೆ ಮಾತ್ರ ಪರ್ಮಿಷನ್ ಇರೋದು. ಇನ್ನೊಂದು ಬೇಕಂದ್ರೆ ಹೊಸ ಅರ್ಜಿ ಹಾಕಿ, ಇಪ್ಪತ್ತೆಂಟು ದಿನ ಆಗತ್ತೆ" ಎಂದಿರಿ. ಭಲೇ! ಜನರನ್ನು ಹೆದರಿಸಲು ಅನುಮತಿ ಇದೆ, ಸಮಾಧಾನ ಮಾಡಲು ಇಲ್ಲ. ಅಂದು ನಮ್ಮ ಬಂದರಿನ ಮೇಲೆ ಬಾಂಬ್ ಹಾಕಿದವರೂ ನಿಮ್ಮಲ್ಲಿ ಅರ್ಜಿ ಹಾಕಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವೋ!

ಅಮ್ಮನದು ಬರೀ ಹಟವೆಂದು ನಾನೂ ರೇಗಿದೆ. ಆದರೆ ನಿನ್ನೆ ಅವಳ ಪಕ್ಕದಿಂದ ಟೀ ಮಾಡಲು ಎದ್ದಾಗ ನನ್ನ ಸ್ಕರ್ಟ್ ಹಿಡಿದುಕೊಂಡಳು. ಅವಳಿಗೆ ಏಳು ವರ್ಷವಿದ್ದಾಗ ಇದೇ ಗೂಡಿನಿಂದ ನನ್ನ ಅಜ್ಜ, "ಕೆಟಲ್ ಒಲೆ ಮೇಲಿದೆ, ಆರಿಸಿ ಬಂದೆ" ಎಂದು ಎದ್ದರಂತೆ. ಅಪಾಯ ಮುಗಿಯಿತೆಂದು ಸೈರನ್ ಇನ್ನೂ ಹೇಳಿರಲಿಲ್ಲ. ಬಾಂಬಿಗೆ ಅಡುಗೆಮನೆಯಿದ್ದ ಹಿಂಭಾಗವೇ ಹೋಯಿತು. ನನ್ನ ಅರವತ್ತಮೂರು ವರ್ಷದಲ್ಲಿ ಅಮ್ಮ ಇದನ್ನು ನನಗೆ ಹೇಳಿರಲಿಲ್ಲ. ಕೇಳಿ ಅತ್ತುಬಿಟ್ಟೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಇಂದು ಸಂಜೆ ನಾಲ್ಕಕ್ಕೆ ಸೈರನ್ ಹೊರತೆಗೆದು ಎರಡು ನಿಮಿಷ, ಒಂದೇ ಸಮನೆ, ಊದಿಸಿ. ಅರ್ಜಿ ಕೇಳಿದರೆ ಈ ಪತ್ರವನ್ನೇ ಲಗತ್ತಿಸಿಕೊಳ್ಳಿ. ಇದನ್ನು ನಿಮಗೂ, ಇದರ ಒಂದು ಪ್ರತಿಯನ್ನು ಪತ್ರಿಕೆಗೂ ತಲುಪಿಸುವವರು ಪಕ್ಕದ ಮನೆಯವರು. ನಿನ್ನೆಯಿಂದ ಅಮ್ಮ ನನ್ನನ್ನೂ ಅಡುಗೆಮನೆಗೆ ಬಿಡುತ್ತಿಲ್ಲ, ನನಗೂ ಹೋಗುವ ಮನಸ್ಸಿಲ್ಲ.

ಇಂತಿ,
ಮೆಟ್ಟಿಲ ಕೆಳಗೆ, ಅಮ್ಮನ ಕೈ ಹಿಡಿದು ಟೀ ಇಲ್ಲದೆ ಕುಳಿತಿರುವ,
ಗಿಲಿಯನ್ ಥ್ವೇಟ್