ಮೊದಲೇ ಬಂದ ನಗು

ರೊಡೆಲ್,

ನೀನು ತೀರಿಕೊಂಡು ಆರು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು.

ನಿನ್ನೆ ಮಿಲ್ವಾಕಿಯ ನಮ್ಮ ಬಸ್ ಡಿಪೋದಲ್ಲಿ ಬೀಳ್ಕೊಡುಗೆಯ ಊಟವಿತ್ತು. ನಿವೃತ್ತರಾಗುವವರನ್ನು ಗೇಲಿ ಮಾಡಿಯೇ ಕಳಿಸುವ ಪದ್ಧತಿ ಇನ್ನೂ ಇದೆ. ಆದರೆ ನನ್ನ ಕೈಗೆ ಮೈಕು ಕೊಡುವ ಮೊದಲೇ ನೌಕರರ ಸಂಘದ ಕಾರ್ಯದರ್ಶಿ ಡೆನೀಸ್, "ಯಾರ ಮಾತನ್ನೂ ಅಣಕಿಸ್ಬೇಡಿ ನಾರ್ಬರ್ಟ್, ಕಾಲ ಬದಲಾಗಿದೆ" ಎಂದಳು.

ನನಗೆ ರೇಗಿತು. ನಗುವಿಗೆ ಬೇಲಿ ಹಾಕುವವರ ವಿರುದ್ಧ ಪತ್ರಿಕೆಗೆ ಎಷ್ಟು ಪತ್ರ ಬರೆದವನು ನಾನು! ಸಾಕ್ಷಿಗೆಂದು ನಿನ್ನ ಬೀಳ್ಕೊಡುಗೆಯ ಹಳೆಯ ವಿಡಿಯೋ ಹಾಕಿದೆ. ಅದರಲ್ಲಿ ನಾನು ನಿನ್ನ ಮನಿಲಾ ಉಚ್ಚಾರದಲ್ಲಿ ನಿಲ್ದಾಣಗಳ ಹೆಸರು ಕೂಗುತ್ತಿದ್ದೇನೆ.

"ನೋಡಮ್ಮಾ, ಎಲ್ಲರಿಗಿಂತ ಜೋರಾಗಿ ನಗ್ತಿರೋನು ರೊಡೆಲ್ಲೇ!" ಎಂದೆ ಡೆನೀಸ್‌ಗೆ.

"ಇನ್ನೊಂದ್ಸಲ ಹಾಕಿ."

ಹಾಕಿದೆ.

"ನೀವಿನ್ನೂ ಜೋಕೇ ಮುಗಿಸಿಲ್ಲ, ಅವ್ರು ಆಗ್ಲೇ ನಗ್ತಿದಾರೆ. ಬೇಗ ಮುಗೀಲಿ ಅಂತ್ಲೋ ಏನೋ."

ನಿಜ. ಪ್ರತಿ ಸಲವೂ ನೀನು ಮೊದಲೇ ನಕ್ಕಿದ್ದೆ. ಪಕ್ಕದಲ್ಲಿ ನಿನ್ನ ಮಗಳು ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಹತ್ತೊಂಬತ್ತು ವರ್ಷ ಒಂದೇ ಮೇಜಿನಲ್ಲಿ ಕಾಫಿ ಕುಡಿದೆವು. ಮನೆಗೆ ಬಂದು ನಿನ್ನ ದನಿಯನ್ನು ನೆನಪಿಸಿಕೊಳ್ಳಲು ಕೂತೆ. ಬರುತ್ತಿಲ್ಲ, ರೊಡೆಲ್. ನನ್ನ ಅಣಕು ಮಾತ್ರ ಬರುತ್ತಿದೆ.

ನಾರ್ಬರ್ಟ್