ಖಾಲಿ ಕೋಣೆಯ ಬಿಸಿ

ನನ್ನ ಹಠಮಾರಿ ಅಪ್ಪನಿಗೆ,

ನೀನು ಗೋಡೆಯ ಆ ಕಡೆ ಕೂತಿದ್ದೀಯ, ನಾನು ಈ ಕಡೆ ಅಡುಗೆಮನೆಯಲ್ಲಿ. ಇಷ್ಟು ಹತ್ತಿರ ಇರುವವನಿಗೆ ಪತ್ರ ಬರೆಯುವವಳು ನಾನೊಬ್ಬಳೇ ಇರಬೇಕು. ಏನು ಮಾಡಲಿ? ಮೊನ್ನೆ ನೀನು ಗ್ಯಾಸ್ ಹೀಟರ್ ಆರಿಸಿದಾಗಿನಿಂದ ನಮ್ಮ ನಡುವೆ ಮಾತಿಲ್ಲ. ನಿನ್ನ ಕೆಮ್ಮು ಮಾತ್ರ ಈ ಕಡೆ ಬರುತ್ತಿದೆ. ಎರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಬಾಗಿಲವರೆಗೆ ಬಂದು ನಿನ್ನನ್ನು ನೋಡುತ್ತೇನೆ. ಕೋಟು, ಅದರ ಮೇಲೆ ಕಂಬಳಿ, ಕೈಗಳೆರಡೂ ಕಂಕುಳಲ್ಲಿ. ಮತ್ತೆ ಬಂದು ಕೂರುತ್ತೇನೆ. ಸಂಜೆ ನಮ್ಮ ಇಂಧನ ಉಳಿಸುವ ಸಂಘದ ಸಭೆ. ಬೀದಿಯ ಯಾವ ಮನೆ ಎಷ್ಟು ಗ್ಯಾಸ್ ಉರಿಸಿತು ಎಂದು ಕಾರ್ಯದರ್ಶಿಯಾದ ನಾನೇ ಓದಬೇಕು. ಅದಕ್ಕೆ ಮೊದಲು ಇದನ್ನು ನಿನಗೆ ಹೇಳದಿದ್ದರೆ ಅಲ್ಲಿ ನನ್ನ ನಾಲಿಗೆ ಹೊರಳುವುದಿಲ್ಲ.

ನಮ್ಮ ಜಗಳ ಹೊಸದೇನಲ್ಲ. ನೀನು ಹೀಟರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸುತ್ತಿದ್ದೆ. ನೀನು ಸ್ನಾನಕ್ಕೆ ಹೋದಾಗ ನಾನು ಇಳಿಸುತ್ತಿದ್ದೆ. ಒದ್ದೆ ತಲೆಯಲ್ಲೇ ಬಂದು ನೀನು ಮತ್ತೆ ಏರಿಸುತ್ತಿದ್ದೆ. ಗುಂಡಿಯ ಮೇಲಿದ್ದ ಗುರುತುಗಳು ನಮ್ಮಿಬ್ಬರ ಬೆರಳಿಗೇ ಅಳಿಸಿಹೋದವು. ನಾನು ಸಂಘದ ಕರಪತ್ರ ಹಿಡಿದು ಗಟ್ಟಿಯಾಗಿ ಓದಿದರೆ ನೀನು ನಗುತ್ತಿದ್ದೆ: "ಬಂದ್ಳಪ್ಪ ಕರಪತ್ರದಮ್ಮ! ಗ್ಯಾಸ್ ಕಂಪನಿಯವರಿಗೇ ಇಲ್ಲದ ಹೊಟ್ಟೆಯುರಿ ನಿಂಗ್ಯಾಕೇ?" ಆ ನಗು ನನಗೆ ಗಾಯಕ್ಕೆ ಉಪ್ಪು ಸವರಿದಂತಾಗುತ್ತಿತ್ತು. ಭೂಮಿ ಕಾದ ಹೆಂಚಾಗುತ್ತಿದೆ ಅಪ್ಪಾ. ಅದನ್ನು ನಾನು ಈಗಲೂ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ.

ನಿನಗೇಕೆ ಅಷ್ಟು ಚಳಿ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಮೀನಿನ ಶೈತ್ಯಾಗಾರದಲ್ಲಿ ಮಂಜುಗಟ್ಟಿದ ಪೆಟ್ಟಿಗೆಗಳನ್ನು ಹೊತ್ತೂ ಹೊತ್ತೂ ನಿನ್ನ ಬೆರಳ ತುದಿಗಳು ಬೇಸಿಗೆಯಲ್ಲೂ ಬಿಳುಚಿಕೊಂಡಿರುತ್ತವೆ. ನಿನಗೆ ಬಿಸಿ ಬೇಕು, ಒಪ್ಪಿದೆ. ನಾನು ಒಪ್ಪದೇ ಇದ್ದದ್ದು ಖಾಲಿ ಕೋಣೆಯ ಬಿಸಿಯನ್ನು. ಅಮ್ಮ ತನ್ನ ಕೊನೆಯ ಚಳಿಗಾಲ ಮಲಗಿದ್ದ ಆ ಕೋಣೆಯ ಬಾಗಿಲನ್ನು ನೀನು ಇವತ್ತಿಗೂ ಮುಚ್ಚಗೊಡುವುದಿಲ್ಲ. ನಡುಮನೆಯ ಅರ್ಧ ಬಿಸಿ ಅಲ್ಲಿಗೇ ಸೇರುತ್ತದೆ. "ಯಾರಿಗೋಸ್ಕರ ಆ ಕೋಣೆ ಕಾಯಿಸ್ತೀಯ?" ಎಂದು ಕೇಳಿದರೆ ನಿನ್ನದು ಒಂದೇ ಮಾತು, "ಇರ್ಲಿ ಬಿಡೇ."

ನಮ್ಮ ಸಂಘದವರು ಮನೆಮನೆಯ ಮೀಟರ್ ನೋಡಿ ಹೋಲಿಸಿದಾಗ ಬೀದಿಗೆಲ್ಲ ಹೆಚ್ಚು ಉರಿಸಿದ್ದು ನಮ್ಮ ಮನೆ. ಎಲ್ಲರಿಗಿಂತ ಕಡಿಮೆ ನಮ್ಮ ತಲೆಯ ಮೇಲಿನ ಮನೆಯ ದರ್ಜಿ ಮಾಮನದು. ಗೆಳತಿಯರು ನನ್ನ ಮುಖ ನೋಡಿದರು. ದೀಪದ ಬುಡದಲ್ಲೇ ಕತ್ತಲೆ! ನಾನು ಹಸಿರು ಎಲೆಯ ಚಿತ್ರವಿದ್ದ 'ಮಾದರಿ ಮನೆ' ಎಂಬ ಕಾರ್ಡನ್ನು ಮಾಮನ ಬಾಗಿಲಿಗೆ ಅಂಟಿಸಿ ಬಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಮ ಕೈಗವಸು ಹಾಕಿಕೊಂಡೇ ಕೈ ಮುಗಿದರು.

ನೀನು ಆ ಕಾರ್ಡನ್ನು ನೋಡಿ ಬಂದ ದಿನವೇ ಮಾಮನನ್ನು ಕೆಳಗೆ ಕರೆದು ಹೀಟರಿನ ಮುಂದೆ ಕೂರಿಸಿದೆ. ಅವರು ದಿನಾ ಬರತೊಡಗಿದರು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅವರಿಗೆ ಉಳಿದಿರುವುದು ಗುಂಡಿ, ಜಿಪ್ಪು, ಅಂಚು ಮಡಿಸುವ ಕೆಲಸ. ಅದನ್ನೇ ಮಡಿಲಲ್ಲಿಟ್ಟುಕೊಂಡು ಹೊಲಿಯುತ್ತಿದ್ದರು. ನಮ್ಮ ಮೀಟರ್ ಇನ್ನಷ್ಟು ಓಡಿತು. ಮೊನ್ನೆ ನನಗೆ ತಡೆಯಲಾಗಲಿಲ್ಲ. ಮಾಮನ ಎದುರೇ ಅಂದುಬಿಟ್ಟೆ, "ನಮ್ಮನೆ ಮೀಟರ್ ಊರಿಗೆಲ್ಲ ಓಡಬೇಕಾ ಅಪ್ಪಾ?" ಮಾಮ ದಾರ ಕಚ್ಚಿ ತುಂಡರಿಸಿ, ಬಟ್ಟೆ ಮಡಿಸಿಕೊಂಡು, "ಬರ್ತೀನಮ್ಮ, ಕೆಲಸ ಮುಗೀತು" ಎಂದು ಹೊರಟುಹೋದರು. ಮಡಿಸುತ್ತಿದ್ದ ಅಂಗಿಯ ತೋಳೊಂದು ಅರ್ಧಕ್ಕೇ ನಿಂತಿದ್ದನ್ನು ನಾನೂ ನೋಡಿದೆ, ನೀನೂ ನೋಡಿದೆ.

ನೀನು ಕೂಗಾಡಲಿಲ್ಲ. ಎದ್ದು ಹೋಗಿ ಹೀಟರ್ ಆರಿಸಿದೆ. "ಅವನ ಮನೇಲಿರೋದು ಉಳಿತಾಯ ಅಲ್ಲ ಕಣೇ, ಚಳಿ" ಎಂದೆ. ಆಮೇಲೆ, "ತಗೋ, ನಮ್ಮನೆ ಬಾಗಿಲಿಗೂ ಒಂದು ಎಲೆ ಅಂಟಿಸ್ಕೋ."

ಅಪ್ಪಾ, ಇವತ್ತು ಬೆಳಿಗ್ಗೆ ನಾನು ಮೇಲೆ ಹೋಗಿದ್ದೆ. ನನ್ನ ಕೋಟಿನ ಹರಿದ ಒಳಬಟ್ಟೆ ಹೊಲಿಸುವ ನೆಪ. ಮಾಮ ಇಸ್ತ್ರಿಪೆಟ್ಟಿಗೆಯ ಹತ್ತಿರ ಬೆರಳು ಹಿಡಿದು ಕಾಯಿಸಿಕೊಳ್ಳುತ್ತಿದ್ದರು. ಬೆಚ್ಚಗಾಗದೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲವಂತೆ. "ಒಂದು ಗಳಿಗೆ ಹೀಟರ್ ಹಚ್ಚಬಾರದಾ ಮಾಮ?" ಎಂದೆ. ಅವರು ಬಾಗಿಲ ಕಡೆ ನೋಡಿ ನಕ್ಕರು. "ಮೊದ್ಲು ಆಗೊಮ್ಮೆ ಈಗೊಮ್ಮೆ ಹಚ್ತಿದ್ದೆ ಕಣಮ್ಮ. ಈಗ ನೀವೆಲ್ಲ ಅಷ್ಟು ದೊಡ್ಡ ಮರ್ಯಾದೆ ಮಾಡಿದ್ದೀರಿ, ಹಚ್ಚೋಕೆ ನಾಚಿಕೆ." ಆಮೇಲೆ ಸೂಜಿಯನ್ನು ಬೆಳಕಿಗೆ ಹಿಡಿದು ಕೇಳಿದರು, "ಅಪ್ಪಂಗೆ ಹುಷಾರಿಲ್ವೇನಮ್ಮ? ಮೊನ್ನೆಯಿಂದ ನನ್ನ ನೆಲ ತಣ್ಣಗಿದೆ."

ನಮ್ಮ ಸೂರೇ ಅವರ ನೆಲ ಅಪ್ಪಾ. ಇಷ್ಟು ದಿನ ಅವರು ಅಷ್ಟು ಕಡಿಮೆ ಉರಿಸಿ ಹೇಗೋ ಬದುಕಿದ್ದು ನೀನು ಕೆಳಗೆ ಉರಿಸುತ್ತಿದ್ದುದರಿಂದ. ಬೆಂಕಿ ಎಲ್ಲಿ ಉರಿಯಿತು ಎಂದು ಮೀಟರಿಗೆ ಗೊತ್ತು, ಬಿಸಿ ಯಾರ ಪಾದ ತಲುಪಿತು ಎಂದು ಅದಕ್ಕೇನು ಗೊತ್ತು? ನಾವು ಎರಡು ಮನೆಗಳನ್ನು ಹೋಲಿಸಿದೆವು, ನಡುವೆ ಇದ್ದ ಚಪ್ಪಡಿಯನ್ನು ಮರೆತೆವು. ನಾನು ಅಲ್ಲೇ ಕಾರ್ಡನ್ನು ಕೀಳಲು ಹೋದೆ. ಅಂಟಿನ ಜೊತೆ ಬಾಗಿಲಿನ ಬಣ್ಣವೂ ಕಿತ್ತು ಬಂತು. "ಹೋಗ್ಲಿ ಬಿಡಮ್ಮ, ಅಲ್ಲೊಂದು ಕ್ಯಾಲೆಂಡರ್ ಹಾಕ್ತೀನಿ" ಎಂದರು.

ನಾನು ಸೋತೆ ಎಂದು ಮೀಸೆ ತಿರುವಬೇಡ. ಗುಂಡಿಯನ್ನು ಕೊನೆಯವರೆಗೂ ತಿರುಗಿಸುವುದು ತಪ್ಪೇ. ಕಿಟಕಿಯ ಸಂದಿಗೆ ಬಟ್ಟೆ ತುರುಕುವುದನ್ನು ನಾನು ಬಿಡುವುದಿಲ್ಲ. ನೀನು ಬೈದುಕೊಂಡರೂ ಸರಿ. ಆದರೆ ಸಂಜೆ ಸಭೆಯಲ್ಲಿ ನಮ್ಮ ಮನೆಯ ಲೆಕ್ಕವನ್ನು ತಲೆ ತಗ್ಗಿಸದೆ ಓದುತ್ತೇನೆ. ಚಳಿಯಲ್ಲಿ ನಡುಗುತ್ತಿರುವವರನ್ನು ಮಾದರಿ ಎಂದು ಕರೆಯುವ ಸಂಘ ನನ್ನದಲ್ಲ ಎಂದೂ ಹೇಳುತ್ತೇನೆ. ಗೆಳತಿಯರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ.

ಇನ್ನೊಂದು ಮಾತು. ಅಮ್ಮನ ಕೋಣೆಯ ಬಾಗಿಲು ಮುಚ್ಚು ಎಂದು ಇನ್ನು ಕೇಳುವುದಿಲ್ಲ. ಆ ಕೋಣೆಯ ಕಿಟಕಿಯ ಹತ್ತಿರ ಮಾಮನ ಹೊಲಿಗೆ ಮೆಷಿನ್ ಇಡೋಣವೇ? ಅಲ್ಲಿ ಬೆಳಕು ಚೆನ್ನಾಗಿದೆ. ಹೇಗೂ ನೀನು ಆ ಕೋಣೆಯನ್ನು ಬೆಚ್ಚಗಿಟ್ಟೇ ಇಡುತ್ತೀಯ. ಅಮ್ಮ ಇದ್ದಿದ್ದರೆ ನಮ್ಮಿಬ್ಬರನ್ನೂ ಕೇಳುತ್ತಲೇ ಇರಲಿಲ್ಲ, ತಾನೇ ಮೇಲೆ ಹೋಗಿ ಮೆಷಿನ್‌ನ ಒಂದು ಕಡೆ ಹಿಡಿದುಕೊಳ್ಳುತ್ತಿದ್ದಳು.

ಈ ಪತ್ರವನ್ನು ಹೀಟರಿನ ಮೇಲಿರುವ ಕಡ್ಡಿಪೆಟ್ಟಿಗೆಯ ಕೆಳಗೆ ಇಡುತ್ತೇನೆ. ನಾನೇ ಹಚ್ಚಿ ಹೋಗಬಹುದಿತ್ತು. ಆದರೆ ಆರಿಸಿದವನು ನೀನು, ನಾನು ಹಚ್ಚಿದರೆ ನೀನು ಮತ್ತೆ ಆರಿಸುತ್ತೀಯ, ನಿನ್ನ ಗುಣ ನನಗೆ ಗೊತ್ತಿಲ್ಲವೇ? ಸಭೆ ಮುಗಿಸಿ ಬರುವಾಗ ಬೀದಿಯ ತಿರುವಿನಲ್ಲೇ ತಲೆಯೆತ್ತಿ ನಮ್ಮ ಕಿಟಕಿಯನ್ನು ನೋಡುತ್ತೇನೆ. ಒಳಗಿನ ಬಿಸಿಗೆ ಗಾಜಿನ ಮೇಲೆ ಆವಿ ಕಟ್ಟಿದ್ದರೆ ನೇರ ಮೇಲಿನ ಮನೆಗೆ ಹತ್ತಿ ಮಾಮನನ್ನು ಕರೆದುಕೊಂಡು ಬರುತ್ತೇನೆ. ಆ ಅರ್ಧ ತೋಳು ಇನ್ನೂ ಹಾಗೇ ಇದೆ.

ನಿನ್ನ ಬೆರಳ ತುದಿಗಳಿಗೆ ಬಣ್ಣ ಮರಳಲಿ ಅಪ್ಪಾ.

ನಿನ್ನಷ್ಟೇ ಹಠದ,
ಕರಪತ್ರದಮ್ಮ